ಎಡಗಾಲಿನ ಚಪ್ಪಲಿ

ಬಳ್ಳಾರಿ
12 ಜನವರಿ 2025

ಉಸ್ತಾದರಿಗೆ, ನಿಮ್ಮ ಶಿಷ್ಯ ಗಾದೆಪ್ಪ ಮಾಡುವ ನಮಸ್ಕಾರ.

ನಿಮ್ಮ ಗಂಟಲಿನ ಆಪರೇಷನ್ ಆದ ಮೇಲೆ ಫೋನಿನಲ್ಲಿ ನಾನೊಬ್ಬನೇ ಮಾತಾಡುವುದು, ನೀವು ಆ ಕಡೆಯಿಂದ ಹೂಂ ಎನ್ನುವ ಬದಲು ಬೆರಳಿನಿಂದ ಟಕ್ ಟಕ್ ಎಂದು ಬಡಿಯುವುದು ನನಗೆ ಸಾಕಾಗಿ ಹೋಗಿದೆ. ಹೋದ ಸಲ ಹತ್ತು ನಿಮಿಷ ನನ್ನ ಕಷ್ಟ ಹೇಳಿಕೊಂಡ ಮೇಲೆ ಗೊತ್ತಾಯಿತು, ಟಕ್ ಟಕ್ ಎನ್ನುತ್ತಿದ್ದದ್ದು ನೀವಲ್ಲ, ನಿಮ್ಮ ಮಗಳು ದುರ್ಗಾದೇವಿ ಪಕ್ಕದಲ್ಲಿ ಮೆಣಸಿನಕಾಯಿ ಕುಟ್ಟುತ್ತಿದ್ದಳು. ಅದಕ್ಕೇ ಈ ಕಾಗದ. ಏಳನೇ ಕ್ಲಾಸಿನ ಅಕ್ಷರ. ಇನ್ನು ಮುಂದೆ ಬಯ್ಯುವುದಿದ್ದರೆ ನೀವೂ ಬರೆದೇ ಬಯ್ಯಬೇಕು.

ವಿಷಯ ಏನೆಂದರೆ, ನನ್ನ ಹಳೇ ಟ್ರೇಲರ್ ಹೋಯಿತು. ಹನ್ನೊಂದು ವರ್ಷ ಓಡಿಸಿದ ಗಾಡಿಯನ್ನು ಕಂಪನಿಯವರು ಗುಜರಿಗೆ ಹಾಕಿ, ನನ್ನ ಕೈಗೆ ಆಟೋಮ್ಯಾಟಿಕ್ ಗಾಡಿಯ ಕೀ ಕೊಟ್ಟರು. ಅದೇ ಇಪ್ಪತ್ತೆರಡು ಗಾಲಿ, ಹೊರುವುದು ಅದೇ ಉಕ್ಕಿನ ಸುರುಳಿ, ಹೋಗುವುದು ಅದೇ ಚೆನ್ನೈ ಬಂದರಿಗೆ. ಆದರೆ ಕ್ಲಚ್ ಇಲ್ಲ, ಉಸ್ತಾದ್. ಗೇರಿನ ಕೋಲೂ ಇಲ್ಲ. ಕೋಲಿದ್ದ ಕಡೆ ಒಂದು ಗುಂಡಿ, ನಮ್ಮ ಮನೆಯಾಕೆ ಜಡೆಮ್ಮನ ಮಿಕ್ಸಿಗೆ ಇದೆಯಲ್ಲ, ಅಂಥದ್ದು. ತಿರುಗಿಸಿದರೆ ಮುಗಿಯಿತು. ಗಾಡಿ ತನಗೆ ಬೇಕಾದಾಗ ತಾನೇ ಗೇರ್ ಹಾಕಿಕೊಳ್ಳುತ್ತದೆ. ನಾನು ಕೇಳುತ್ತಾ ಕೂತಿರಬೇಕು.

ಕಲಿಸಲು ಪೂಜಿತಾ ಎಂಬ ಹುಡುಗಿಯನ್ನು ಕಳಿಸಿದ್ದರು. ಇಲ್ಲೇ ಬಳ್ಳಾರಿ ಕಂಟೋನ್ಮೆಂಟಿನವಳು. ನನ್ನ ಮಗಳ ವಯಸ್ಸು. ಮೊದಲ ದಿನವೇ ಅವಳನ್ನು ಕೊಲ್ಲುತ್ತಿದ್ದೆ. ಕಂಪನಿಯ ಯಾರ್ಡಿನೊಳಗೆ ನಿಧಾನವಾಗಿ ಹೋಗುತ್ತಿದ್ದೆವು. ತಿರುವು ಬಂತು, ಗೇರ್ ಇಳಿಸಬೇಕೆಂದು ಇಪ್ಪತ್ತೆಂಟು ವರ್ಷದ ಅಭ್ಯಾಸದಲ್ಲಿ ನನ್ನ ಎಡಗಾಲು ಕ್ಲಚ್ ಹುಡುಕಿಕೊಂಡು ಹೋಗಿ ಪೂರ್ತಿ ಬಲದಿಂದ ಬ್ರೇಕಿನ ಮೇಲೆ ಬಿತ್ತು. ಇಡೀ ಗಾಡಿ ನಿಂತಲ್ಲೇ ನಿಂತಿತು. ಹುಡುಗಿಯ ಹಣೆ ಮುಂದಿನ ಗಾಜಿಗೆ ತಾಕಿತು. ಬಯ್ಯುತ್ತಾಳೆ ಅಂದುಕೊಂಡೆ. ಹಣೆ ಒತ್ತಿಕೊಳ್ಳುತ್ತಾ, "ಅಣ್ಣಾ, ಈ ಗಾಡಿಗೆ ಎಡಗಾಲು ಬೇಕಾಗಂಗಿಲ್ಲ. ಅದಕ್ಕ ಇನ್ನ ಮ್ಯಾಲೆ ರಜಾ. ಸುಮ್ಮನ ಇರ್ಲಿ ಬಿಡ್ರಿ" ಎಂದಳು.

ಎಷ್ಟು ಸಲೀಸಾಗಿ ಹೇಳಿದಳು! ನೀವು ಎಡಗಾಲಿನ ಚಪ್ಪಲಿ ಬಿಡಿಸಿ ಕಲಿಸಿದ ವಿದ್ಯೆ ಅದು. ಕ್ಯಾಬಿನ್ ಹತ್ತಿದ ಕೂಡಲೇ ಎಡಗಾಲು ಬರಿಗಾಲು. ಈಗಲೂ ಹಾಗೇ ಕೂರುತ್ತೇನೆ. ಮನೆಯಲ್ಲಿ ಜಡೆಮ್ಮ ಪ್ರತಿ ವರ್ಷ ಗೊಣಗುತ್ತಾಳೆ, "ಬಲಗಾಲಿಂದು ಸವದು ಹೋಗೈತಿ, ಎಡಗಾಲಿಂದು ಅಂಗಡ್ಯಾಗಿನ ಹೊಸಾದರಂಗ ಐತಿ. ಯಾರಿಗೆ ಕೊಡ್ಲಿ ಇವನ್ನ?" ಅಂತ. ಕೊಡದೆ, ಬಿಸಾಕದೆ, ಒಂದು ಗೋಣಿಚೀಲದಲ್ಲಿ ತುಂಬಿಟ್ಟಿದ್ದಾಳೆ.

ನನಗೆ ಐವತ್ತೆರಡು. ಇನ್ನೂ ಎಂಟು ವರ್ಷ ಓಡಿಸಬೇಕೆಂದು ನನ್ನ ಲೆಕ್ಕ. ಈ ಗಾಡಿಯಲ್ಲಿ ನಾನು ಡ್ರೈವರ್ ಅಲ್ಲ, ಕೂತು ಹೋಗುವ ಸಾಮಾನು. ಸಿರುಗುಪ್ಪದ ಕಡೆ ಯಾವುದಾದರೂ ಅಕ್ಕಿ ಗಿರಣಿಯಲ್ಲಿ ಕ್ಲಚ್ ಇರುವ ಹಳೇ ಗಾಡಿ ಇದ್ದರೆ ನೋಡಿ ಉಸ್ತಾದ್. ಬಂದುಬಿಡುತ್ತೇನೆ.

ನಿಮ್ಮ ಗಾದೆಪ್ಪ


ಸಿರುಗುಪ್ಪ
20 ಜನವರಿ 2025

ಲೇ ಗಾದೆಪ್ಪಾ,

ನಿನ್ನ ಅಕ್ಷರ ನೋಡಿ ದುರ್ಗಾದೇವಿ ಇದು ತೆಲುಗೋ ಕನ್ನಡವೋ ಎಂದು ಕೇಳಿದಳು. ಓದಿ ಹೇಳಲು ಅವಳಿಗೇ ಆಗಲಿಲ್ಲ, ಕನ್ನಡಕ ಹಾಕಿಕೊಂಡು ನಾನೇ ಓದಿದೆ. ಇಷ್ಟು ವರ್ಷ ನನ್ನ ಬೈಗುಳ ತಿಂದು ನಿನಗೆ ಬೇಸರವಾಗಿರಲಿಲ್ಲ ಎಂದು ಈಗ ಗೊತ್ತಾಯಿತು. ಸಂತೋಷ. ಬರೆಯುವ ಬೈಗುಳಕ್ಕೆ ಸದ್ದು ಕಡಿಮೆ, ಆದರೆ ಎರಡು ಸಲ ಓದಬಹುದು.

ಬ್ರೇಕ್ ಮೇಲೆ ಎಡಗಾಲು ಹಾಕಿದೆಯಾ? ಕತ್ತೆ. ಆ ಹುಡುಗಿಯ ಹಣೆಗೆ ಏನಾದರೂ ಆಗಿದ್ದರೆ ನಾನು ಬಂದು ನಿನ್ನ ಹಣೆ ಒಡೆಯುತ್ತಿದ್ದೆ. ಆ ಕಾಲನ್ನು ಸೀಟಿನ ಕಡೆಗೆ ಎಳೆದುಕೊಂಡು ಇಟ್ಟುಕೋ. ಒಂದು ತಿಂಗಳಲ್ಲಿ ಮರೆಯುತ್ತದೆ.

ಆದರೆ ಬರಿಗಾಲು ಬಿಡಬೇಡ. ಕಾಲು ಏನನ್ನು ಮುಟ್ಟುತ್ತಿದೆ ಎಂದು ಚರ್ಮಕ್ಕೆ ಗೊತ್ತಿರಬೇಕು. ರಬ್ಬರ್ ನಡುವೆ ಬಂದರೆ ಗಾಡಿ ಹೇಳುವುದು ಕಾಲಿಗೆ ಕೇಳುವುದಿಲ್ಲ. ಇದನ್ನು ನನಗೆ ನನ್ನ ಉಸ್ತಾದ್ ಕಲಿಸಿದ್ದು, ಅವನಿಗೆ ಅವನ ಉಸ್ತಾದ್. ನನ್ನ ಕೈಕೆಳಗೆ ಒಂಬತ್ತು ಜನ ಕಲಿತರು. ಬಾಕಿ ಎಂಟೂ ಜನ ಆಮೇಲೆ ಚಪ್ಪಲಿ ಹಾಕಿಕೊಂಡರು. ಉಳಿದವನು ನೀನೊಬ್ಬ. ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ನನಗೆ ನೀನೊಬ್ಬನಾದರೂ ಇರಲಿ.

ಗೇರ್ ಗಾಡಿ ವಿಚಾರಿಸುತ್ತೇನೆ. ಟೀಗೆ ಮೂರು ಚಮಚ ಸಕ್ಕರೆ ಹಾಕಿಸಿಕೊಳ್ಳುವುದು ಇನ್ನೂ ಬಿಟ್ಟಿಲ್ಲ ತಾನೇ? ನನ್ನ ಗಂಟಲಿಗೆ ಈಗ ಬಿಸಿ ಟೀ ಆಗುವುದಿಲ್ಲ. ನನ್ನ ಪಾಲಿನದನ್ನೂ ನೀನೇ ಕುಡಿ.

ಎರ್ರಣ್ಣ


ಬಳ್ಳಾರಿ
16 ಫೆಬ್ರವರಿ 2025

ಉಸ್ತಾದ್,

ಚೆನ್ನೈಗೆ ಮೂರು ಸಲ ಹೋಗಿ ಬಂದೆ. ಈಗ ಬ್ರೇಕ್ ಮೇಲೆ ಎಡಗಾಲು ಬೀಳುವುದಿಲ್ಲ. ನೀವು ಹೇಳಿದ ಹಾಗೆ ಸೀಟಿನ ಕಡೆ ಎಳೆದಿಟ್ಟುಕೊಂಡರೆ ಅಲ್ಲೇ ಬಿದ್ದಿರುತ್ತದೆ. ಮಾಡಲು ಕೆಲಸವಿಲ್ಲದೆ ಮಲಗಿಬಿಟ್ಟಿದೆ. ನಿಜವಾಗಿ ಹೇಳುತ್ತೇನೆ, ಗುಂತಕಲ್ಲು ದಾಟುವಷ್ಟರಲ್ಲಿ ಜೋಮು ಹಿಡಿದಿರುತ್ತದೆ, ಸಂಜೆಗೆ ಗಾಡಿ ಇಳಿದರೂ ಬಿಡುವುದಿಲ್ಲ. ಮನುಷ್ಯರಿಗೆ ರಜೆ ಕೊಟ್ಟರೆ ಸೋಮಾರಿಗಳಾಗುತ್ತಾರೆ, ಕಾಲಿಗೂ ಹಾಗೇ ಇರಬೇಕು.

ನಗುವ ಮಾತೊಂದು ಕೇಳಿ. ಮೊನ್ನೆ ಯಾರ್ಡಿನಲ್ಲಿ ಗಾಡಿ ನಿಲ್ಲಿಸಿ, ಎರಡೂ ಚಪ್ಪಲಿ ಹಾಕಿಕೊಂಡೇ ಇಳಿದು, ಗೇಟಿನಾಚೆಯ ಟೀ ಅಂಗಡಿಗೆ ನಡೆದೆ. ಟೀ ಕುಡಿದೆ. ಸೂಪರ್‌ವೈಸರ್ ಮಾರೇಶ ಅಲ್ಲೇ ಕೂತಿದ್ದವನು ನನ್ನ ಕಾಲು ನೋಡಿ, "ಏನ್ ಗಾದೆಪ್ಪಣ್ಣ, ಒಂದ ಚಪ್ಪಲಿ ಹಾಕ್ಕೊಂಡು ಯಾ ದೇವರಿಗೆ ಹರಕಿ ಹೊತ್ತಿ?" ಎಂದ. ನೋಡಿದರೆ ಎಡಗಾಲಿನದು ಇಲ್ಲ! ವಾಪಸ್ ಹೋದೆ. ಗೇಟಿನ ಹತ್ತಿರ ದಾರಿಯಲ್ಲೇ ಕಳಚಿ ಬಿದ್ದಿತ್ತು. ಅಷ್ಟು ದೂರ ಜಲ್ಲಿಕಲ್ಲಿನ ಮೇಲೆ ನಡೆದಿದ್ದೇನೆ, ನನಗೆ ಗೊತ್ತೇ ಆಗಿಲ್ಲ. ಎಲ್ಲರೂ ನಕ್ಕರು, ನಾನೂ ನಕ್ಕೆ.

ನಿಮ್ಮ ಪಾಲಿನ ಟೀಯನ್ನೂ ಕುಡಿಯುತ್ತಿದ್ದೇನೆ. ಗಿರಣಿಯ ವಿಷಯ ಏನಾಯಿತು? ಈ ಗಾಡಿಯಲ್ಲಿ ಮೈಗೆ ಆರಾಮವಿದೆ, ಸುಳ್ಳು ಹೇಳುವುದಿಲ್ಲ. ಆದರೆ ಚಿತ್ತೂರಿನ ಏರು ಹತ್ತಿದ ಮೇಲೆ ಅದನ್ನು ಹತ್ತಿಸಿದವನು ನಾನು ಅನ್ನಿಸುವುದಿಲ್ಲ.

ಗಾದೆಪ್ಪ


ಸಿರುಗುಪ್ಪ
25 ಫೆಬ್ರವರಿ 2025

ಲೇ ಗಾದೆಪ್ಪಾ,

ಗಾಡಿ ಸಿಕ್ಕಿತು. ನಮ್ಮ ತಿಪ್ಪೇಶನ ಅಕ್ಕಿ ಗಿರಣಿಯದು. ಹತ್ತು ಗಾಲಿಯ ಹಳೇ ಲಾರಿ, ಕ್ಲಚ್ ಸ್ವಲ್ಪ ಬಿಗಿ, ಗೇರ್ ಬೆಣ್ಣೆ. ಅವನ ಡ್ರೈವರ್ ಕೆಲಸ ಬಿಟ್ಟು ಊರಿಗೆ ಹೋಗುವವನಿದ್ದಾನೆ. ನಾನು ಹೋಗಿ, ಸ್ಲೇಟಿನ ಮೇಲೆ ದೊಡ್ಡದಾಗಿ ಬರೆದು ತೋರಿಸಿದೆ: ನನ್ನ ಶಿಷ್ಯ ಕ್ಲಚ್ ಬಿಟ್ಟರೆ ಬಾನೆಟ್ ಮೇಲೆ ಇಟ್ಟ ಲೋಟದ ನೀರು ಅಲ್ಲಾಡುವುದಿಲ್ಲ. ತಿಪ್ಪೇಶ ನಕ್ಕು, ಕಳಿಸು ನೋಡೋಣ ಎಂದ.

ಮಾರ್ಚ್ ಒಂಬತ್ತು, ಭಾನುವಾರ, ಬೆಳಿಗ್ಗೆ ಬಾ. ಮೊದಲು ಗಿರಣಿಗೆ, ಆಮೇಲೆ ಮನೆಗೆ. ದುರ್ಗಾದೇವಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಮಾಡುತ್ತಾಳೆ. ನಿನ್ನ ಕಾಲಿಗೆ ಹಿಡಿದಿರುವುದು ಜೋಮಲ್ಲ, ಬೇಸರ. ಕ್ಲಚ್ ಮೇಲೆ ಇಟ್ಟ ತಕ್ಷಣ ಎದ್ದು ಕೂರುತ್ತದೆ ನೋಡು.

ಎರ್ರಣ್ಣ


ಬಳ್ಳಾರಿ
11 ಮಾರ್ಚ್ 2025

ಉಸ್ತಾದರಿಗೆ ನಮಸ್ಕಾರ.

ಭಾನುವಾರ ಬರಲು ಆಗಲಿಲ್ಲ. ದಿಢೀರನೆ ಲೋಡ್ ಬಂತು, ಚೆನ್ನೈಗೆ ಹೋಗಬೇಕಾಯಿತು. ಫೋನ್ ಮಾಡಿ ಹೇಳಬೇಕಿತ್ತು, ತಪ್ಪಾಯಿತು.

ಇನ್ನೊಂದು ಮಾತು. ಯೋಚನೆ ಮಾಡಿದೆ. ಈ ಆಟೋಮ್ಯಾಟಿಕ್ ಗಾಡಿಯೇ ನನಗೆ ಸರಿ ಅನ್ನಿಸುತ್ತಿದೆ. ವಯಸ್ಸಾಯಿತು, ಕಾಲಿಗೆ ಶ್ರಮವಿಲ್ಲ. ತಿಪ್ಪೇಶನಿಗೆ ಬೇರೆಯವರನ್ನು ನೋಡಿಕೊಳ್ಳಲು ಹೇಳಿ. ದುರ್ಗಾದೇವಿಗೆ ಮಿರ್ಚಿ ಇನ್ನೊಂದು ಸಲ ತಿನ್ನುತ್ತೇನೆಂದು ತಿಳಿಸಿ.

ಗಾದೆಪ್ಪ


ಸಿರುಗುಪ್ಪ
19 ಮಾರ್ಚ್ 2025

ಗಾದೆಪ್ಪನಿಗೆ,

ನೀನು ಚೆನ್ನೈಗೆ ಹೋಗಿರಲಿಲ್ಲ. ಸಿರುಗುಪ್ಪಕ್ಕೆ ಬಂದಿದ್ದೆ. ಬೆಳಿಗ್ಗೆ ಹತ್ತು ಗಂಟೆಗೆ ತಿಪ್ಪೇಶನ ಗಿರಣಿಯ ಮುಂದೆ ಲಾರಿ ಹತ್ತಿದೆ. ನಾಲ್ಕು ಸಲ ಕ್ಲಚ್ ಬಿಟ್ಟೆ, ನಾಲ್ಕು ಸಲವೂ ಲಾರಿ ಹಾರಿ ಆಫ್ ಆಯಿತು. ಐದನೇ ಸಲ ಗೋಡೆಗೆ ಆನಿಸಿದ್ದ ಅಕ್ಕಿ ಮೂಟೆಗೆ ಗುದ್ದಿದೆ. ಗಿರಣಿಯ ಹಮಾಲರು ಲೋಟ ತಂದು ಬಾನೆಟ್ ಮೇಲೆ ಇಡಬೇಕಾ ಎಂದು ಕೇಳಿದರಂತೆ. ನೀನು ಇಳಿದು ಬಸ್ ಸ್ಟ್ಯಾಂಡಿಗೆ ಹೋದೆ. ನನ್ನ ಮನೆ ಅಲ್ಲಿಂದ ಎರಡು ಬೀದಿ. ನಾನು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಮಧ್ಯಾಹ್ನ ಎರಡರ ತನಕ ಕೂತಿದ್ದೆ.

ತಿಪ್ಪೇಶ ಮನೆಗೇ ಬಂದು ಹೇಳಿದ: "ನಿನ್ನ ಶಿಷ್ಯಾಗ ಹಾಫ್ ಕ್ಲಚ್ ಅಂದ್ರ ಏನಂತ ಗೊತ್ತಿಲ್ಲಪಾ ಎರ್ರಣ್ಣ. ಲೋಟ ಇರ್ಲಿ, ಡ್ರಮ್ಮು ಇಟ್ರೂ ಚೆಲ್ತಿತ್ತು." ಉತ್ತರ ಕೊಡಲು ನನಗೆ ಗಂಟಲಿಲ್ಲ. ಸ್ಲೇಟು ಒರೆಸಿಟ್ಟೆ.

ಎರಡು ತಿಂಗಳು, ಬರೀ ಎರಡು ತಿಂಗಳು ಆ ಮಿಕ್ಸಿ ಗುಂಡಿ ತಿರುಗಿಸಿ ಇಪ್ಪತ್ತೆಂಟು ವರ್ಷದ ಕಾಲನ್ನು ಕಳೆದುಕೊಂಡೆಯಲ್ಲೋ. ಆರಾಮ ಸಿಕ್ಕಿತು, ವಿದ್ಯೆ ಬಿಟ್ಟೆ. ಅದು ಹೋಗಲಿ, ನನಗೆ ಸುಳ್ಳು ಬರೆದೆ. ನಾನು ಸ್ಲೇಟ್ ಹಿಡಿದುಕೊಂಡು ನಿನ್ನ ಪರವಾಗಿ ಊರೆಲ್ಲ ತಿರುಗಿದ್ದೇನೆ.

ಇನ್ನು ನನಗೆ ಬರೆಯಬೇಡ.

ಎರ್ರಣ್ಣ


ಸಿರುಗುಪ್ಪ
20 ಏಪ್ರಿಲ್ 2025

ಲೇ,

ಬರೆಯಬೇಡ ಅಂದರೆ ಬರೆಯುವುದನ್ನೇ ಬಿಡುವುದಾ? ನಿನಗೆ ಗಾಡಿಯಿಂದ ಇಳಿದು ಹೋಗು ಎಂದು ನೂರು ಸಲ ಹೇಳಿದ್ದೆ, ಒಂದು ಸಲವಾದರೂ ಇಳಿದಿದ್ದೆಯಾ? ತಿಪ್ಪೇಶನ ಲಾರಿಗೆ ಬೇರೆ ಡ್ರೈವರ್ ಬಂದ. ಆ ವಿಷಯ ಮುಗಿಯಿತು. ಒಂದು ಸಾಲು ಹಾಕು.

ಎರ್ರಣ್ಣ


ಸಿರುಗುಪ್ಪ
15 ಮೇ 2025

ಗಾದೆಪ್ಪಾ,

ದುರ್ಗಾದೇವಿಯಿಂದ ನಾಲ್ಕು ಸಲ ಫೋನ್ ಮಾಡಿಸಿದೆ. ಸ್ವಿಚ್ ಆಫ್ ಎನ್ನುತ್ತದೆ. ನಿನಗೆ ಸಿಟ್ಟು ಇಷ್ಟು ದಿನ ಇರುವುದಿಲ್ಲ, ಸಂಜೆಯ ಟೀಗೆ ಇಳಿದುಹೋಗುತ್ತದೆ ಎಂದು ನನಗೆ ಗೊತ್ತು. ಹಾಗಾದರೆ ಏನಾಗಿದೆ? ಈ ಕಾಗದವನ್ನು ಎರಡು ಪ್ರತಿ ಬರೆದು ಯಾರ್ಡಿನ ವಿಳಾಸಕ್ಕೂ ಹಾಕಿದ್ದೇನೆ, ಕುರುಗೋಡಿನ ನಿನ್ನ ಮನೆಗೂ ಹಾಕಿದ್ದೇನೆ. ಯಾರ ಕೈಗೆ ಸಿಕ್ಕರೂ ಓದಿ ಉತ್ತರ ಕೊಡಿ.

ಎರ್ರಣ್ಣ


ಬಳ್ಳಾರಿ, ಆಸ್ಪತ್ರೆ
8 ಜೂನ್ 2025

ಉಸ್ತಾದ್,

ಸಿಟ್ಟೇನೂ ಇರಲಿಲ್ಲ. ಬರೆಯಲು ಧೈರ್ಯ ಬರಲಿಲ್ಲ. ನಿಮ್ಮ ಎರಡೂ ಕಾಗದ ಜಡೆಮ್ಮ ತಂದುಕೊಟ್ಟಳು.

ನನ್ನ ಎಡಗಾಲು ಹೋಯಿತು. ಏಪ್ರಿಲ್ ಇಪ್ಪತ್ತೊಂಬತ್ತನೇ ತಾರೀಕು, ಮೊಣಕಾಲಿನ ಕೆಳಗೆ ತೆಗೆದರು. ಮೊದಲು ಎರಡು ಬೆರಳು ತೆಗೆದಿದ್ದರು, ಅದು ಸಾಲಲಿಲ್ಲ. ಯಾರ್ಡಿನಲ್ಲಿ ಮೊಳೆ ಚುಚ್ಚಿತ್ತು, ನಾನು ನೋಡಿಕೊಳ್ಳಲಿಲ್ಲ, ಕೀವಾಗಿ ಮೇಲೇರಿತು. ಶುಗರ್ ಇದ್ದವರಿಗೆ ಪಾದದ ಸ್ಪರ್ಶವೇ ಸತ್ತು ಹೀಗಾಗುತ್ತದಂತೆ. ಎಷ್ಟು ವರ್ಷದಿಂದ ಶುಗರ್ ಇದೆ ಎಂದು ಡಾಕ್ಟರ್ ಕೇಳಿದರು. ಆರು ವರ್ಷ ಎಂದೆ. ಪಕ್ಕದಲ್ಲಿ ನಿಂತಿದ್ದ ಜಡೆಮ್ಮ ನನ್ನ ಮುಖ ನೋಡಿದಳು. ಅವಳಿಗೂ ಹೇಳಿರಲಿಲ್ಲ. ಹೇಳಿದರೆ ಗಾಡಿಯಿಂದ ಇಳಿಸುತ್ತಾರೆ ಎಂಬ ಭಯ, ಉಸ್ತಾದ್. ಇಳಿಸಿದರೆ ನನಗೆ ಬೇರೇನು ಬರುತ್ತದೆ?

ಸಿರುಗುಪ್ಪದಲ್ಲಿ ಆ ದಿನ ಏನಾಯಿತು ಎಂದು ಈಗ ಹೇಳುತ್ತೇನೆ. ಎಡ ಚಪ್ಪಲಿ ಬಿಟ್ಟು ಕ್ಲಚ್ ಮೇಲೆ ಕಾಲಿಟ್ಟೆ. ಇಟ್ಟಿದ್ದೇನೆಯೇ ಇಲ್ಲವೇ ಎಂದು ಗೊತ್ತಾಗಲಿಲ್ಲ. ಬಗ್ಗಿ ನೋಡಿದೆ, ಕಾಲು ಕ್ಲಚ್ ಮೇಲೇ ಇತ್ತು. ಒತ್ತಿದೆ, ಬಿಟ್ಟೆ. ಎಷ್ಟು ಬಿಟ್ಟೆ ಎಂದು ಕಾಲು ಹೇಳಲಿಲ್ಲ. ಹಮಾಲರು ನಗುತ್ತಿದ್ದರು. ನಿಮ್ಮ ಮನೆಯ ಬೀದಿಯ ತುದಿಯ ತನಕ ಬಂದೆ. ನೀವು ಬಾಗಿಲಲ್ಲಿ ಕೂತಿದ್ದಿರಿ. ತಿರುಗಿ ಹೋದೆ.

ಹಳೇ ಗಾಡಿ ಇದ್ದಿದ್ದರೆ ಒಂದೇ ದಿನದಲ್ಲಿ ಸಿಕ್ಕಿಬೀಳುತ್ತಿದ್ದೆ, ಕಾಲೂ ಉಳಿಯುತ್ತಿತ್ತೇನೋ. ಈ ಗಾಡಿ ನನ್ನ ಗುಟ್ಟು ಕಾಪಾಡಿತು. ಸತ್ತ ಕಾಲು ಇಟ್ಟುಕೊಂಡು ಮೂರು ತಿಂಗಳು ಚೆನ್ನೈಗೆ ಹೋಗಿ ಬಂದೆ, ಯಾರಿಗೂ ತಿಳಿಯಲಿಲ್ಲ.

ಕಾಲು ತೆಗೆದ ಮೇಲೆ ನನಗೊಂದು ಆಸೆ ಹುಟ್ಟಿತ್ತು. ಪೂಜಿತಾ ನೋಡಲು ಬಂದಾಗ, "ಅವತ್ತ ನೀನ ಹೇಳಿದ್ದೆಲ್ಲಮ್ಮ, ಈ ಗಾಡಿಗೆ ಎಡಗಾಲು ಬೇಕಾಗಂಗಿಲ್ಲ ಅಂತ. ಬಲಗಾಲು ಗಟ್ಟಿ ಐತಿ ನಂದು. ಓಡಸ್ತೀನಿ" ಎಂದೆ. ಆ ಹುಡುಗಿ ತಲೆ ಬಗ್ಗಿಸಿ ಅತ್ತುಬಿಟ್ಟಳು. ಆದರೂ ನನಗಾಗಿ ಹೋಗಿ ಎಲ್ಲಾ ಕಡೆ ವಿಚಾರಿಸಿದಳು. ದೊಡ್ಡ ಗಾಡಿಯ ಲೈಸನ್ಸಿಗೆ ನನ್ನಂಥವನ ಕಾಗದಕ್ಕೆ ಯಾವ ಡಾಕ್ಟರೂ ಸಹಿ ಹಾಕುವುದಿಲ್ಲವಂತೆ. ಎರಡೂ ಕಾಲು ಇದ್ದವನಿಗೆ ಎಡಗಾಲು ಬೇಡದ ಗಾಡಿ ಕೊಡುತ್ತಾರೆ, ಎಡಗಾಲು ಇಲ್ಲದವನಿಗೆ ಕೊಡುವುದಿಲ್ಲ. ಮಾರೇಶ ಬಂದು ಕ್ಯಾಬಿನ್ನಿನಲ್ಲಿದ್ದ ನನ್ನ ಬಟ್ಟೆ, ಕಂಬಳಿ, ನೀರಿನ ಕ್ಯಾನು ಕೊಟ್ಟು ಹೋದ. ಗಾಡಿ ಈಗ ಬೇರೆಯವನ ಕೈಯಲ್ಲಿದೆ.

ಬುಧವಾರ ಕುರುಗೋಡಿಗೆ ಹೋಗುತ್ತೇವೆ.

ಗಾದೆಪ್ಪ


ಸಿರುಗುಪ್ಪ
17 ಜೂನ್ 2025

ಮಗನೇ ಗಾದೆಪ್ಪಾ,

ಮೊನ್ನೆ ಜಡೆಮ್ಮ ನಿನಗೆ ಹೇಳದೆ ಇಲ್ಲಿಗೆ ಬಂದಿದ್ದಳು. ಅವಳಿಗೆ ಬಯ್ಯಬೇಡ. ನಾನು ಸ್ಲೇಟಿನ ಮೇಲೆ, ಯಾವ ಮೊಳೆ, ಎಲ್ಲಿ ಚುಚ್ಚಿತು ಎಂದು ಬರೆದು ಕೇಳಿದೆ. ಆಕೆ ಹೇಳಿದಳು: "ಅಣ್ಣಾ, ಮೊಳಿ ಅಲ್ಲ. ಗಾಡಿಯಿಂದ ಎಡಗಾಲಿನ ಚಪ್ಪಲಿ ಹಾಕ್ಕೊಳ್ದ ಇಳದಾರ. ಮಟಮಟ ಮಧ್ಯಾಹ್ನ, ಯಾರ್ಡಿನ ಕಬ್ಬಿಣದ ತಗಡಿನ ಮ್ಯಾಲೆ ಅರ್ಧ ತಾಸು ನಿಂತಾರ. ಪಾದ ಸುಟ್ಟು ಬೊಬ್ಬಿ ಎದ್ದೈತಿ, ಅವ್ರಿಗೆ ಗೊತ್ತ ಆಗಿಲ್ಲ. ನಿಮಗ ಹೇಳಬ್ಯಾಡ ಅಂದಾರ."

ನೀನು ಯಾಕೆ ಹೇಳಬೇಡ ಎಂದೆ ಎಂದು ನನಗೆ ಅರ್ಥವಾಯಿತು. ಆ ಚಪ್ಪಲಿ ಬಿಡಿಸಿದವನು ನಾನು.

ಈಗ ನಾನೊಂದು ಹೇಳುತ್ತೇನೆ. ಇದನ್ನು ನಾನು ಯಾರಿಗೂ ಹೇಳಿಲ್ಲ. ನೀನು ಮೊದಲ ದಿನ ನನ್ನ ಲಾರಿ ಹತ್ತಿದೆಯಲ್ಲ, ಕುರುಗೋಡಿನ ಬಸ್ ನಿಲ್ದಾಣದ ಎದುರು, ಆವತ್ತು ನನ್ನ ಎಡ ಚಪ್ಪಲಿಯ ಪಟ್ಟಿ ಹರಿದಿತ್ತು. ಹೊಲಿಸಲು ಸೋಮಾರಿತನ. ಬಿಸಾಕಿ ಬರಿಗಾಲಲ್ಲಿ ಕೂತಿದ್ದೆ. ನೀನು ದೊಡ್ಡ ಕಣ್ಣು ಬಿಟ್ಟುಕೊಂಡು, ಯಾಕೆ ಉಸ್ತಾದ್ ಒಂದು ಕಾಲಿಗೆ ಚಪ್ಪಲಿ ಇಲ್ಲ ಎಂದು ಕೇಳಿದೆ. ಹೊಸದಾಗಿ ಉಸ್ತಾದ್ ಆಗಿದ್ದೆ, ಹರಿದ ಚಪ್ಪಲಿ ಎಂದು ಹೇಳಲು ನಾಚಿಕೆಯಾಯಿತು. ಕ್ಲಚ್ ಜೊತೆ ಚರ್ಮ ಮಾತಾಡಬೇಕು ಕಣೋ ಎಂದುಬಿಟ್ಟೆ. ಬಾಯಿಗೆ ಬಂದದ್ದು. ಮರುದಿನ ನೋಡಿದರೆ ನೀನು ಎಡ ಚಪ್ಪಲಿ ಬಿಟ್ಟು ಕೂತಿದ್ದೆ. ಆಮೇಲೆ ಹೇಗೆ ವಾಪಸ್ ತೆಗೆದುಕೊಳ್ಳಲಿ? ಬಂದವರಿಗೆಲ್ಲ ಅದನ್ನೇ ಹೇಳಿದೆ. ನಂಬಿದವನು ನೀನೊಬ್ಬ.

ನನ್ನ ಉಸ್ತಾದ್ ಅಂಥದ್ದೇನೂ ಕಲಿಸಿರಲಿಲ್ಲ. ಅವನು ಬೂಟು ಹಾಕುತ್ತಿದ್ದ.

ಜನವರಿಯಲ್ಲಿಯೂ ಬರಿಗಾಲು ಬಿಡಬೇಡ ಎಂದು ಬರೆದೆ. ಆ ಕಾಗದ ನಿನ್ನ ಹತ್ತಿರ ಇದ್ದರೆ ಸುಟ್ಟುಬಿಡು. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ನೀನು ಎಷ್ಟು ಬೇಕಾದರೂ ಬಯ್ಯಿ, ಎಲ್ಲವನ್ನೂ ಎರಡೆರಡು ಸಲ ಓದುತ್ತೇನೆ.

ಎರ್ರಣ್ಣ


ಕುರುಗೋಡು
2 ಜುಲೈ 2025

ಉಸ್ತಾದ್,

ನಿಮ್ಮ ಕಾಗದ ಬಂದು ಹತ್ತು ದಿನವಾಯಿತು. ಬಯ್ಯೋಣವೆಂದು ಮೂರು ಸಲ ಕೂತೆ. ಆಗಲಿಲ್ಲ.

ನೀವು ಹೇಳಿದ್ದು ಸುಳ್ಳಿರಬಹುದು, ಆದರೆ ಚರ್ಮ ಮಾತಾಡುತ್ತಿತ್ತು. ಎಷ್ಟೋ ವರ್ಷ ಮಾತಾಡಿತು. ಬಾನೆಟ್ ಮೇಲಿನ ನೀರು ಅಲ್ಲಾಡುತ್ತಿರಲಿಲ್ಲ, ನೀವೇ ನೋಡಿದ್ದೀರಿ. ನನ್ನ ಜೀವನದಲ್ಲಿ ಇದ್ದದ್ದು ಅದೊಂದೇ ಹೆಚ್ಚುಗಾರಿಕೆ. ಅದೂ ಹರಿದ ಚಪ್ಪಲಿಯಿಂದ ಬಂದದ್ದು ಎಂದು ನನಗೆ ಯಾಕೆ ಹೇಳಿದಿರಿ? ನೀವು ಬಯಸಿದ ಬೈಗುಳ ಇದೇ ಎಂದು ತಿಳಿಯಿರಿ.

ಮನೆ ರಸ್ತೆಯ ಪಕ್ಕದಲ್ಲೇ ಇದೆಯಲ್ಲ, ದಿನವಿಡೀ ಕೂತಿರುತ್ತೇನೆ. ಕಲ್ಲಿನ ಲೋಡಿನ ಹಳೇ ಲಾರಿಗಳು ಕೋಳೂರು ಕಡೆ ಹೋಗುತ್ತವೆ. ಗೇರ್ ಬದಲಿಸುವ ಸದ್ದು ಕೇಳಿದ ಕೂಡಲೇ ನನ್ನ ಎಡಗಾಲು ಕ್ಲಚ್ ಒತ್ತುತ್ತದೆ. ಇಲ್ಲದ ಕಾಲು. ಇದ್ದಾಗ ಮಲಗಿತ್ತು, ಈಗ ಎಚ್ಚರವಾಗಿದೆ. ಕ್ಲಚ್ಚಿನ ತಣ್ಣನೆಯ ಕಬ್ಬಿಣ, ಅದರ ಮೇಲಿನ ಗೀರು, ಎಲ್ಲಾ ಪಾದಕ್ಕೆ ಗೊತ್ತಾಗುತ್ತದೆ. ಡಾಕ್ಟರ್ ಇದಕ್ಕೆ ಮಾತ್ರೆ ಕೊಟ್ಟಿದ್ದಾರೆ. ನಾನು ನುಂಗುತ್ತಿಲ್ಲ. ಜಡೆಮ್ಮನಿಗೆ ಹೇಳಬೇಡಿ.

ನಿನ್ನೆ ಆಕೆ ಆ ಗೋಣಿಚೀಲವನ್ನು ಹೊರಗೆ ತೆಗೆದು ಬಿಸಾಕಲು ಹೊರಟಿದ್ದಳು. ತಡೆದೆ. ಎಲ್ಲವೂ ಎಡಗಾಲಿನವು, ಎಲ್ಲವೂ ಹೊಸವು. ಒಂದನ್ನು ಆರಿಸಿ, ಒರೆಸಿ, ಈ ಕಾಗದದ ಜೊತೆ ಕಟ್ಟಿ ಕಳಿಸಿದ್ದೇನೆ. ಎಂಟನೇ ನಂಬರು. ನಿಮ್ಮದೂ ಎಂಟೇ ಎಂದು ನೆನಪು.

ಪಟ್ಟಿ ಗಟ್ಟಿಯಾಗಿದೆ. ಹಾಕಿಕೊಳ್ಳಿ.

ಗಾದೆಪ್ಪ